ಹೆಚ್ಚುವರಿ ಟೀಚರು

ನಾನು ಹೆಚ್ಚುವರಿ ಎಂದು ನನಗೆ ಗೊತ್ತಾದದ್ದು ಬಿಸಿಯೂಟದ ಹೊತ್ತಿನಲ್ಲಿ. ತುಮಕೂರು ನಗರದ ಹಳೆಯ ಬಡಾವಣೆಯೊಂದರ ಸರ್ಕಾರಿ ಪ್ರಾಥಮಿಕ ಶಾಲೆ ನಮ್ಮದು. ಮಕ್ಕಳಿಗೆ ಬಡಿಸಿ ಮುಗಿಸಿ, ನಾವು ಟೀಚರುಗಳು ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚುತ್ತಿದ್ದೆವು. ಮುಖ್ಯೋಪಾಧ್ಯಾಯರು ಫೋನು ನೋಡುತ್ತಲೇ ಒಳಗೆ ಬಂದು, "ಮೇಡಂ, ಎಕ್ಸೆಸ್ ಪಟ್ಟಿ ಬಿಟ್ಟಿದಾರೆ. ನಮ್ ಸ್ಕೂಲಿಂದ ಒಬ್ರು. ನಿಮ್ಮದೇ ಹೆಸ್ರು," ಎಂದರು. ಡಬ್ಬಿಯಲ್ಲಿ ಆ ದಿನ ನನಗೆ ಇಷ್ಟವಾದ ಅವರೆಕಾಳು ಉಪ್ಪಿಟ್ಟು ಇತ್ತು. ಅದನ್ನು ಹಾಗೇ ಮುಚ್ಚಿಟ್ಟೆ.

ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂಖ್ಯೆಗೆ ತಕ್ಕ ಹಾಗೆ ಟೀಚರುಗಳು. ಮಕ್ಕಳು ಕಡಿಮೆಯಾದರೆ, ಆ ಶಾಲೆಯಲ್ಲಿ ಸೇವೆಯಲ್ಲಿ ಕಿರಿಯರಾದವರನ್ನು ಹೆಚ್ಚುವರಿ ಎಂದು ಗುರುತಿಸಿ ಟೀಚರಿಲ್ಲದ ಕಡೆಗೆ ಕಳಿಸುತ್ತಾರೆ. ನನಗಾಗಲೇ ಇಪ್ಪತ್ತು ವರ್ಷ ಮೀರಿದ ಸರ್ವಿಸ್ ಇತ್ತು. ಆದರೂ ನಾನೇ ಕಿರಿಯಳು. ಹಳ್ಳಿಗಳಲ್ಲಿ ಬಹಳ ವರ್ಷ ಕಾದವರಿಗೆ ಮಾತ್ರ ನಗರದ ಶಾಲೆಗೆ ವರ್ಗ ಸಿಗುತ್ತದೆ, ಹಾಗಾಗಿ ಅಲ್ಲಿರುವವರೆಲ್ಲ ತಲೆ ನರೆತವರೇ.

ಆ ಶಾಲೆಯಲ್ಲಿ ಏನಿರಲಿಲ್ಲ? ಗೋಡೆಗೆ ರೈಲು ಡಬ್ಬಿಯ ಹಾಗೆ ಬಣ್ಣ ಬಳಿಸಿದ್ದರು. ಒಂದು ಕಂಪನಿಯವರು ಕೊಟ್ಟ ಕಂಪ್ಯೂಟರುಗಳು ಬಟ್ಟೆ ಹೊದ್ದುಕೊಂಡು ಕೂತಿದ್ದವು. ಗೋಡೆಯಗಲದ ಟೀವಿ ಇತ್ತು. ಇರಲಿಲ್ಲವೆಂದರೆ ಮಕ್ಕಳು. ಬೆಳಿಗ್ಗೆ ನಮ್ಮ ಗೇಟಿನ ಮುಂದೆಯೇ ಖಾಸಗಿ ಶಾಲೆಗಳ ಹಳದಿ ಬಸ್ಸುಗಳು ನಿಂತು, ನಮ್ಮ ಬೀದಿಯ ಮಕ್ಕಳನ್ನೇ ತುಂಬಿಕೊಂಡು ಹೋಗುತ್ತಿದ್ದವು. ನಮಗೆ ಉಳಿದವರು ಗಾರೆ ಕೆಲಸದವರ, ಗ್ಯಾರೇಜಿನವರ, ಮನೆಗೆಲಸದ ಹೆಂಗಸರ ಮಕ್ಕಳು. ಮನೆಯಲ್ಲಿ ಉರ್ದು ಆಡುವವರು ಕೆಲವರು, ತೆಲುಗು ಆಡುವವರು ಕೆಲವರು. ಒಳ್ಳೆಯ ಮಕ್ಕಳು. ಆದರೆ ಒಂದು ಕ್ಲಾಸಿಗೆ ಎರಡು ಬೆಂಚು ತುಂಬುವಷ್ಟೂ ಇರುತ್ತಿರಲಿಲ್ಲ.

ಹೊಸ ಶಾಲೆ ಆರಿಸಿಕೊಳ್ಳುವ ಕೌನ್ಸೆಲಿಂಗಿಗೆ ಕರೆದರು. ಖಾಲಿ ಇರುವ ಜಾಗಗಳು ಪರದೆಯ ಮೇಲೆ ಬರುತ್ತಿದ್ದವು. ನಾನು ಗುಬ್ಬಿ ತಾಲೂಕಿನ ಚೇಳೂರು ಕಡೆಯ ಒಂದು ಊರನ್ನು ಆರಿಸಿಕೊಂಡೆ. ಆ ಊರನ್ನು ನೋಡಿಯೇ ಇರಲಿಲ್ಲ. ಗುಬ್ಬಿವರೆಗೆ ಒಂದು ಬಸ್ಸು, ಅಲ್ಲಿಂದ ಚೇಳೂರು ಬಸ್ಸು ಸಿಗುತ್ತದೆ, ಸಂಜೆಗೆ ಮನೆ ಸೇರಬಹುದು ಎಂಬುದಷ್ಟೇ ನನ್ನ ಲೆಕ್ಕ. ಮೇಜಿನ ಆಚೆ ಕೂತಿದ್ದವರು, "ಅಲ್ಲಿ ಒಬ್ರೇ ಟೀಚರ್ ಇರೋದು ಮೇಡಂ. ಐದು ಕ್ಲಾಸೂ ಅವ್ರೇ ನೋಡ್ಕೋತಿದಾರೆ. ನೀವು ಹೋದ್ರೆ ಅವ್ರಿಗೆ ಉಸಿರು ಬರುತ್ತೆ," ಎಂದರು. ನನಗೆ ಸಿಟ್ಟಿತ್ತು. ಅವರ ಉಸಿರಿನ ಯೋಚನೆ ನನಗೆ ಆಗ ಬರಲಿಲ್ಲ.

ಮೊದಲ ದಿನ ನಾನು ಶಾಲೆ ತಲುಪಿದಾಗ ಪ್ರಾರ್ಥನೆ ಮುಗಿದಿತ್ತು. ಎರಡು ಕೋಣೆ, ಮಧ್ಯೆ ಒಂದು ಬಾಗಿಲು. ಆ ಬಾಗಿಲಲ್ಲಿ ಒಬ್ಬರು ನಿಂತಿದ್ದರು. ನನಗಿಂತ ಹತ್ತು ವರ್ಷವಾದರೂ ಚಿಕ್ಕವರು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರು, ಬಾಯಲ್ಲಿ ಲವಂಗ. ಎಡಗಡೆಯ ಕೋಣೆಯಲ್ಲಿ ಒಂದರಿಂದ ಮೂರನೇ ಕ್ಲಾಸಿನವರು ಚಾಪೆಯ ಮೇಲೆ ಗುಂಪುಗುಂಪಾಗಿ ಕೂತು ಕಾರ್ಡುಗಳನ್ನು ಜೋಡಿಸುತ್ತಿದ್ದರು. ಬಲಗಡೆ ನಾಲ್ಕು ಮತ್ತು ಐದನೆಯವರು ಬರೆಯುತ್ತಿದ್ದರು. ಆಕೆ ಅಲ್ಲಿಂದ ಅಲುಗದೆ ಎರಡೂ ಕಡೆ ಪಾಠ ನಡೆಸುತ್ತಿದ್ದರು. ಒಂದು ಕಡೆ ಪ್ರಶ್ನೆ ಕೇಳಿ, ಮಕ್ಕಳು ಯೋಚಿಸುವಷ್ಟರಲ್ಲಿ ಇನ್ನೊಂದು ಕಡೆ ತಿರುಗಿ ತಪ್ಪು ತಿದ್ದುತ್ತಿದ್ದರು. ನಾನು ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಸುಮಾರು ಹೊತ್ತು ನೋಡುತ್ತಲೇ ನಿಂತೆ.

ಊರಿನವರು ಆಕೆಯನ್ನು ಕುಣಿಗಲ್ ಮಿಸ್ ಎನ್ನುತ್ತಿದ್ದರು. ತವರು ಕುಣಿಗಲ್ ತಾಲೂಕಿನ ಯಡಿಯೂರಿನ ಹತ್ತಿರ. ನಾನು ಬಂದ ಮೇಲೆ ನನ್ನನ್ನು ತುಮಕೂರು ಮಿಸ್ ಎಂದರು. ಆ ದಿನ ಸಂಜೆ ಬೆಲ್ಲು ಹೊಡೆದ ಮೇಲೆ ಆಕೆ ಬೀರುವಿನ ಬೀಗದ ಕೈ ತಂದು ನನ್ನ ಮುಂದಿಟ್ಟರು.

"ತಗೊಳಿ ಮೇಡಂ. ಸರ್ವಿಸ್ಸಲ್ಲಿ ನೀವು ಸೀನಿಯರ್. ಇನ್ಮೇಲೆ ಸ್ಕೂಲ್ ಚಾರ್ಜ್ ನಿಮ್ದೇ."

"ಇಷ್ಟು ವರ್ಷ ನಡೆಸಿದವರು ನೀವು. ಬೇಡ ಅಂತ ಬರ್ಕೊಡ್ತೀನಿ, ನೀವೇ ಇಟ್ಕೊಳಿ," ಎಂದೆ.

ಆಕೆ ಕೂಡಲೇ ಬೀಗದ ಕೈಯನ್ನು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡರು. ಬೇಡವೆಂದು ನಟಿಸುವ ಸ್ವಭಾವ ಆಕೆಯದಲ್ಲ. ಅದು ನನಗೆ ಮೊದಲ ದಿನವೇ ಹಿಡಿಸಿತು.

ಆಕೆಯ ಕೈಬರಹ ಮಾತ್ರ ತೀರಾ ಕೆಟ್ಟದ್ದು. ಬೋರ್ಡಿನ ಮೇಲೆ ಸಾಲು ಮೇಲಕ್ಕೆ ಹತ್ತಿಹೋಗುತ್ತಿತ್ತು. ಮಕ್ಕಳ ಅಪ್ಪಂದಿರು ಕುಡಿದು ಬಂದರೆ ಗೇಟಿನಲ್ಲೇ ನಿಲ್ಲಿಸಿ ಊರಿಗೆಲ್ಲ ಕೇಳುವ ಹಾಗೆ ಬೈಯುತ್ತಿದ್ದರು. ಪಾಠದ ಮಧ್ಯೆ ಯಾರಾದರೂ ಮಾತಾಡಿಸಿದರೆ, ನಾನಾದರೂ ಸರಿ, ಉತ್ತರ ಕೊಡುತ್ತಿರಲಿಲ್ಲ.

ಎರಡನೇ ಟೀಚರ ಹುದ್ದೆ ಆ ಶಾಲೆಗೆ ಹೇಗೆ ಬಂತು ಎಂಬುದನ್ನು ನನಗೆ ಹೇಳಿದವರು ಶಾಲಾ ಸಮಿತಿಯ ಅಧ್ಯಕ್ಷರು. ತೆಂಗಿನಕಾಯಿ ವ್ಯಾಪಾರದವರು, ಶಾಲೆಯ ಮೇಲೆ ಜೀವ ಇಟ್ಟುಕೊಂಡವರು. ಸರ್ಕಾರದಿಂದ ಬರುವ ವರ್ಷದ ಅನುದಾನ ಸೀಮೆಸುಣ್ಣ, ಪೊರಕೆ, ಕರೆಂಟು ಬಿಲ್ಲಿಗೇ ಮುಗಿದುಹೋಗುತ್ತಿತ್ತು. ಕಾಂಪೌಂಡು ಎದ್ದದ್ದು ಅವರು ಊರಿನವರನ್ನು ಕೂಡಿಸಿದ್ದರಿಂದ. ಬಿಸಿಯೂಟದ ಸಾರಿಗೆ ಬೇಕಾದ ಕಾಯಿ ಒಂದೊಂದು ತಿಂಗಳು ಒಂದೊಂದು ತೋಟದಿಂದ ಬರುತ್ತಿತ್ತು.

"ಊರಾಚೆ ತೆಂಗಿನ್ ನಾರಿನ್ ಫ್ಯಾಕ್ಟ್ರಿ ಐತಲ್ಲ ಮೇಡಂ, ಅಲ್ಲಿಗೆ ರಾಯಚೂರು ಕಡೆಯೋರು ಬಂದವ್ರೆ," ಎಂದರು ಅಧ್ಯಕ್ಷರು. "ಅವ್ರ ಮಕ್ಳು ಸಿಪ್ಪೆ ಗುಡ್ಡೆ ಮೇಲೆ ಆಡ್ಕಂಡಿರವು. ನಾವು ದಿನಾ ನೋಡ್ತಿದ್ವಿ, ಯಾರ್ಗೂ ಏನೂ ಅನ್ನುಸ್ಲಿಲ್ಲ. ಈಯಮ್ಮ ಒಂದಿನ ಸಾಯಂಕಾಲ ಹೋಗಿ ಆ ಹೆಂಗಸ್ರ ಜೊತೆ ಕೂತ್ಕಂಡು ನಾರು ಬುಡುಸ್ಕಂತಾ ಮಾತಾಡುದ್ರು. ಒಂದಿನ ಅಲ್ಲ, ವಾರಾನುಗಟ್ಲೆ. ಆಮೇಲೆ ಒಂದೊಂದೇ ಮಗ ಬಂತು. ಮಕ್ಳು ಜಾಸ್ತಿ ಆದ್ವು, ಅದ್ಕೇ ನೀವು ಬಂದ್ರಿ."

ಹೊಸ ಮಕ್ಕಳು ಮಾತಾಡುವ ರೀತಿಗೆ ಊರಿನ ಮಕ್ಕಳು ನಗುತ್ತಿದ್ದರು. ನಾಲ್ಕನೇ ಕ್ಲಾಸಿನ ಒಬ್ಬಳು ರಾಯಚೂರಿನ ಹುಡುಗಿ ಒಂದು ದಿನ "ಜರಾ ನೀರು ಕೊಡ್ರಿ" ಎಂದದ್ದಕ್ಕೆ ಇಡೀ ಸಾಲು ಕಿಸಕ್ಕೆಂದಿತು. ಹುಡುಗಿ ತಲೆ ತಗ್ಗಿಸಿ ಕೂತುಬಿಟ್ಟಳು. ಕುಣಿಗಲ್ ಮಿಸ್ ಯಾರನ್ನೂ ಗದರಲಿಲ್ಲ. ಪಾಠ ನಿಲ್ಲಿಸಿ, ಬೋರ್ಡಿನ ಮಧ್ಯೆ ಗೆರೆ ಎಳೆದು, ಹುಡುಗಿಯ ಕೈಗೆ ಸೀಮೆಸುಣ್ಣ ಕೊಟ್ಟರು.

"ಈಗ ಇವಳು ನಮ್ಗೆ ಮಿಸ್ಸು. ನಾವು ವಸಿ ಅಂದ್ರೆ ಇವ್ರೂರಲ್ಲಿ ಏನಂತಾರೆ?"

"ಜರಾ," ಎಂದಳು ಹುಡುಗಿ, ಕೇಳಿಸಿಯೂ ಕೇಳಿಸದ ಹಾಗೆ.

"ಚೆನಾಗೈತೆ ಅನ್ನೋದಕ್ಕೆ?"

"ಚಲೋ ಐತಿ."

ಬೋರ್ಡಿನ ಎರಡೂ ಕಡೆ ತುಂಬುತ್ತಾ ಹೋಯಿತು. ಊರಿನ ಮಕ್ಕಳು ತಾವೇ ಮಾತು ಹುಡುಕಿ ಹುಡುಕಿ ಕೇಳತೊಡಗಿದರು. ಅದನ್ನು ಅಳಿಸಲಿಕ್ಕೆ ಯಾರೂ ಬಿಡಲಿಲ್ಲ. ಆಮೇಲೆ ಎಷ್ಟೋ ದಿನ ಊರಿನ ಮಕ್ಕಳೇ ಆಟದ ಬಯಲಲ್ಲಿ "ಚಲೋ ಐತಿ ಕಣ್ಲಾ" ಎಂದು ಕೂಗುತ್ತಿದ್ದರು. ನಾನು ನಗರದ ಶಾಲೆಯಲ್ಲಿ ಉರ್ದು, ತೆಲುಗು ಆಡುವ ಮಕ್ಕಳಿಗೆ ವರ್ಷಗಟ್ಟಲೆ ಪಾಠ ಮಾಡಿದ್ದೆ. ಬೋರ್ಡಿನ ಮಧ್ಯೆ ಒಂದು ಗೆರೆ ಎಳೆದರೆ ಇಷ್ಟು ಆಗುತ್ತದೆ ಎಂಬುದನ್ನು ಇಲ್ಲಿ ನೋಡಿದೆ.

ಚಳಿಗಾಲದಲ್ಲಿ ಗುಬ್ಬಿಯಲ್ಲಿ ಒಂದು ಸಭೆ ಕರೆದರು. ಸುತ್ತಲಿನ ಶಾಲೆಗಳನ್ನು ಒಂದರ ಪಕ್ಕ ಒಂದು ಇಟ್ಟು ಹೋಲಿಸುವ ಸಭೆ. ಎಲ್ಲಿ ಟೀಚರು ಎಷ್ಟು, ಮಕ್ಕಳು ಎಷ್ಟು, ಯಾವ ಶಾಲೆಯವರು ಚೆನ್ನಾಗಿ ಓದುತ್ತಾರೆ ಎಂದೆಲ್ಲ ಪರದೆಯ ಮೇಲೆ ತೋರಿಸಿದರು. ಓದುವುದರಲ್ಲಿ ನಮ್ಮ ಶಾಲೆ ಹಿಂದುಳಿದವರ ಕೆಂಪು ಬಣ್ಣದಲ್ಲಿತ್ತು. ಇಬ್ಬರು ಟೀಚರು ಇದ್ದೂ ಯಾಕೆ ಹೀಗೆ ಎಂದು ಅಧಿಕಾರಿಗಳು ಕೇಳಿದರು. ಕುಣಿಗಲ್ ಮಿಸ್ ಎದ್ದು ನಿಂತರು.

"ಸಾರ್, ಹೋಲಿಸ್ಬೇಡಿ ಅಂತ ನಾನು ಹೇಳಲ್ಲ. ಹೋಲ್ಸಿ. ಆದ್ರೆ ಈ ಮಕ್ಳಲ್ಲಿ ಅರ್ಧ ಜನ ಸ್ಲೇಟೇ ಹಿಡಿದೋರಲ್ಲ. ಬಂದ ದಿನ ಎಲ್ಲಿದ್ರು, ಇವತ್ತು ಎಲ್ಲಿದಾರೆ, ಅದಕ್ಕೂ ಒಂದು ಕಾಲಂ ಹಾಕಿ. ಆಗ್ಲೂ ನಾವು ಕೆಂಪಲ್ಲಿದ್ರೆ ನನ್ನ ಬೈರಿ."

ಅಧಿಕಾರಿಗಳಿಗೆ ಕೋಪ ಬಂತೇನೋ ಎಂದುಕೊಂಡೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಸರಿ ಮೇಡಂ, ನಾನೇ ಬಂದು ನೋಡ್ತೀನಿ," ಎಂದರು. ಹಾಗೆ ಹೇಳಿದವರು ಬರುವುದು ಅಪರೂಪ. ಇವರು ಮುಂದಿನ ವಾರವೇ ಬಂದರು. ಚಾಪೆಯ ಮೇಲೆ ಮಕ್ಕಳ ಜೊತೆ ಚಕ್ಕಳಮಕ್ಕಳ ಕೂತು, ಆ ಜರಾ ಹುಡುಗಿಯ ಕೈಲಿ ಒಂದು ಪುಟ ಓದಿಸಿದರು. ಅವಳು ಬೆರಳಿಟ್ಟುಕೊಂಡು, ತಡೆದು ತಡೆದು, ಕೊನೆಯವರೆಗೂ ಓದಿದಳು. ಅವರು ಹೋಗುವಾಗ ನಮಗೆ ಕೈ ಮುಗಿದರು. ಅಂಥ ಅಧಿಕಾರಿಗಳೂ ಇದ್ದಾರೆ.

ಬೇಸಿಗೆ ರಜೆಗೆ ಇನ್ನೂ ಸ್ವಲ್ಪ ದಿನವಿರುವಾಗ ನಾರಿನ ಫ್ಯಾಕ್ಟರಿ ನಿಂತುಹೋಯಿತು. ನಾರಿಗೆ ಬೆಲೆ ಇಲ್ಲವೆಂದು ಮಾಲೀಕರು ಬೀಗ ಹಾಕಿದರು. ರಾಯಚೂರಿನವರು ಊರಿಗೆ ಹೊರಡಲು ಒಂದು ಟೆಂಪೋ ಮಾತಾಡಿದ್ದಾರೆ, ಮಾರನೇ ದಿನ ಬೆಳಿಗ್ಗೆಯೇ ಹೊರಡುತ್ತಾರೆ ಎಂದು ಬಿಸಿಯೂಟದ ಅಡುಗೆಯಮ್ಮ ಬಂದು ಹೇಳಿದರು. ಕುಣಿಗಲ್ ಮಿಸ್ ಆಗಲೇ ಕೂತು ಆ ಮಕ್ಕಳ ವರ್ಗಾವಣೆ ಪತ್ರ ಬರೆಯಲು ಶುರುಮಾಡಿದರು. ಸಮಿತಿಯ ಅಧ್ಯಕ್ಷರು ಸುದ್ದಿ ಕೇಳಿ ಓಡಿಬಂದರು.

"ಮೇಡಂ, ಹೆಸ್ರು ಹಂಗೇ ಇರ್ಲಿ ಬುಡಿ. ಇವನ್ನೆಲ್ಲ ತೆಗುದ್ರೆ ಮಕ್ಳು ಕಮ್ಮಿ ಆಯ್ತವೆ. ಒಬ್ರು ಟೀಚರ್ನ ಎತ್ತಾಕ್ತಾರೆ. ಯಾರು ಬಂದು ಎಣುಸ್ತಾರೆ ಈ ಊರಿಗೆ?"

ಅವರು ಹೇಳಿದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಊರಿನ ಮಕ್ಕಳಿಗೆ ಇಬ್ಬರು ಟೀಚರು ಇರಲಿ ಎಂಬ ಆಸೆ ಅಷ್ಟೆ.

"ಅಣ್ಣ, ಇಲ್ಲಿ ಹೆಸ್ರು ಇದ್ರೆ ಅಲ್ಲಿ ಸ್ಕೂಲಲ್ಲಿ ಕಂಪ್ಯೂಟ್ರು ಆ ಮಗುನ ತಗೊಳಲ್ಲ," ಎಂದರು ಆಕೆ, ಬರೆಯುವುದನ್ನು ನಿಲ್ಲಿಸದೆ. "ಒಂದು ಮಗು ಎರಡು ಕಡೆ ಇರಕಾಗಲ್ಲ. ನಾವು ಇಲ್ಲಿ ಇಟ್ಕೊಂಡ್ರೆ ಅವು ಅಲ್ಲಿ ಮತ್ತೆ ಬೀದೀಲೇ. ಕರ್ಕೊಂಡು ಬಂದೋಳು ನಾನು. ಅವ್ರ ಅವ್ವಂದ್ರಿಗೆ ಮಾತು ಕೊಟ್ಟಿದೀನಿ."

ಅಧ್ಯಕ್ಷರು, "ಊರಿಗೋಗೋ ಮಕ್ಳು, ಬರೀ ಕೈಯಲ್ಲಿ ಕಳ್ಸೋದ್ ಬ್ಯಾಡ," ಎಂದು ಮನೆಗೆ ಹೋಗಿ ಒಂದು ಚೀಲ ಕೊಬ್ಬರಿ ತಂದರು.

ಆಕೆಯ ಅಕ್ಷರ ಅಲ್ಲಿನವರಿಗೆ ಅರ್ಥವಾಗದೆ ಹೋದೀತೆಂದು ಅರ್ಧಕ್ಕೇ ಪೆನ್ನು ಕಿತ್ತುಕೊಂಡು ನಾನು ಬರೆದೆ. ಆಕೆ ಸಹಿ ಹಾಕಿ ಮೊಹರು ಒತ್ತಿದರು. ಒಂದೊಂದು ಪತ್ರವನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ, ಮಕ್ಕಳು ಓದುತ್ತಿದ್ದ ಕತೆಪುಸ್ತಕವನ್ನೂ ಜೊತೆಗಿಟ್ಟರು. ಅಷ್ಟು ಹೊತ್ತೂ ನನ್ನ ತಲೆಯಲ್ಲಿ ಒಂದೇ ವಿಷಯ ಸುತ್ತುತ್ತಿತ್ತು. ಒಬ್ಬರು ಹೋಗಬೇಕಾದರೆ ಸೇವೆಯಲ್ಲಿ ಕಿರಿಯರಾದವರು ಹೋಗಬೇಕು. ನಗರದಲ್ಲಿ ನಾನು ಕಿರಿಯಳು, ಇಲ್ಲಿ ಆಕೆ. ತಡೆಯಲಾರದೆ ಹೇಳಿಯೇಬಿಟ್ಟೆ.

"ಮೇಡಂ, ಎಕ್ಸೆಸ್ ಆಗೋದು ನೀವು."

"ಗೊತ್ತು. ನೀವು ಬಂದ ದಿನಾನೇ ಗೊತ್ತಿತ್ತು," ಎಂದರು. "ನೀವಿದೀರಲ್ಲ, ನಂಗೇನು ಯೋಚ್ನೆ." ಹಾಗೆಂದವರು ಮುಖ ತಿರುಗಿಸಿ ಕಿಟಕಿಯ ಕಡೆ ನೋಡುತ್ತಾ ಇನ್ನೊಂದು ಲವಂಗ ಬಾಯಿಗೆ ಹಾಕಿಕೊಂಡರು. ಕಣ್ಣಲ್ಲಿ ನೀರಿತ್ತು. ನಾನು ನೋಡದವಳಂತೆ ಬರೆಯುತ್ತಾ ಕೂತೆ.

ಮಾರನೇ ಬೆಳಿಗ್ಗೆ ಟೆಂಪೋ ಶಾಲೆಯ ಮುಂದೆಯೇ ಬಂತು. ಚಾಲಕನನ್ನು ನಿಲ್ಲಿಸಿ ಆಕೆ ಒಬ್ಬೊಬ್ಬ ತಾಯಿಯ ಕೈಗೂ ಕವರು ಕೊಟ್ಟು, "ಊರಿಗೆ ಹೋದ್ ತಕ್ಷಣ ಸ್ಕೂಲಿಗೆ ಹೋಗಿ. ಹೊಲ ಮನೆ ಆಮೇಲೆ," ಎಂದು ಹೇಳಿದರು. ಮಕ್ಕಳು ಅಳಲಿಲ್ಲ. ಟೆಂಪೋದಲ್ಲಿ ಹೋಗುವ ಖುಷಿಯಲ್ಲಿ ಕೈ ಬೀಸಿದರು. ಅತ್ತವರು ಊರಿನ ಮಕ್ಕಳು.

ಹೊಸ ಶಾಲಾ ವರ್ಷದ ಹೆಚ್ಚುವರಿ ಪಟ್ಟಿಯಲ್ಲಿ ಆಕೆಯ ಹೆಸರು ಬಂತು. ಊರಿನವರು ಗುಬ್ಬಿಗೆ ಹೋಗಿ ಆಫೀಸಿನ ಮುಂದೆ ಕೂತರು. ಅವತ್ತು ಚಾಪೆಯ ಮೇಲೆ ಕೂತಿದ್ದ ಅಧಿಕಾರಿಗಳೇ ಹೊರಗೆ ಬಂದು, ನಿಯಮ ತಮ್ಮ ಕೈಯಲ್ಲಿಲ್ಲ, ಅತಿಥಿ ಶಿಕ್ಷಕರನ್ನು ಕೊಡಿಸಲು ಪ್ರಯತ್ನ ಮಾಡುತ್ತೇನೆ ಎಂದು ಹೇಳಿ ಕಳಿಸಿದರು. ಆಕೆಯ ಬದಲು ನಾನು ಹೋಗುತ್ತೇನೆ ಎಂದು ಕೇಳಲು ನಾನೂ ಹೋದೆ. ಅಷ್ಟರಲ್ಲಿ ಆಕೆ ಕೌನ್ಸೆಲಿಂಗಿನಲ್ಲಿ ಯಡಿಯೂರಿನ ಹತ್ತಿರದ ಶಾಲೆಯೊಂದನ್ನು ಆರಿಸಿಕೊಂಡಾಗಿತ್ತು. "ಅಮ್ಮನ ಮನೆ ಹತ್ರ ಸಿಕ್ತು ಮೇಡಂ. ಬೇಜಾರೂ ಇದೆ, ಖುಷೀನೂ ಇದೆ," ಎಂದು ಫೋನಿನಲ್ಲಿ ನಕ್ಕರು.

ನಾನು ಒಬ್ಬಳೇ ಉಳಿದೆ. ಮೊದಲ ವಾರ ಎಡಗಡೆ ಕೋಣೆಗೆ ಹೋದರೆ ಬಲಗಡೆ ಗಲಾಟೆ, ಬಲಗಡೆ ಹೋದರೆ ಎಡಗಡೆ. ಸಂಜೆ ಬಸ್ಸಿನಲ್ಲಿ ಕೂತರೆ ಕಾಲು ಜೋಮು ಹಿಡಿಯುತ್ತಿತ್ತು. ಆಕೆ ನಾಲ್ಕು ವರ್ಷ ಇದನ್ನು ಹೇಗೆ ಮಾಡಿದರು ಎಂದು ಪ್ರತಿ ದಿನ ಅನ್ನಿಸುತ್ತಿತ್ತು. ಫೋನು ಮಾಡಿ ಕೇಳಿದೆ. "ದೊಡ್ಡ ಮಕ್ಕಳಿಗೆ ಬರೆಯೋ ಕೆಲಸ ಮೊದಲೇ ರೆಡಿ ಇಟ್ಕೊಳಿ. ಗಂಟಲು ಏರಿಸ್ಬೇಡಿ. ನೀವು ಏರಿಸಿದ್ರೆ ಅವ್ರೂ ಏರಿಸ್ತಾರೆ," ಎಂದರು. ನಿಧಾನಕ್ಕೆ ಕೈ ಕುದುರಿತು. ದಸರಾ ರಜೆಯ ಹೊತ್ತಿಗೆ ಅಧಿಕಾರಿಗಳು ಹೇಳಿದ ಹಾಗೆ ಒಬ್ಬಳು ಅತಿಥಿ ಶಿಕ್ಷಕಿಯೂ ಬಂದಳು, ಚೇಳೂರಿನವಳೇ, ಚುರುಕು ಹುಡುಗಿ.

ಆಗಲೇ ಒಂದು ದಿನ, ವರ್ಗಾವಣೆ ಪತ್ರಗಳ ಹಿಂದೆ ನಾನು ಬರೆದುಕೊಟ್ಟಿದ್ದ ನನ್ನ ನಂಬರಿಗೆ ಗೊತ್ತಿಲ್ಲದ ಕಡೆಯಿಂದ ಫೋನು ಬಂತು.

"ಅಕ್ಕೋರೇ, ನಾವು ರಾಯಚೂರಿನಿಂದ. ನಾರಿನ ಫ್ಯಾಕ್ಟ್ರ್ಯಾಗ ಇದ್ವಲ್ರೀ. ಮಗಳನ್ನ ಸಾಲಿಗಿ ಹಾಕೀವ್ರಿ, ಐದನೇತ್ತ. ನೀವು ಕೊಟ್ಟ ಕಾಗದ ನೋಡಿ ಕೂಡ್ಲೇ ತಗೊಂಡ್ರು. ಕುಣಿಗಲ್ ಅಕ್ಕೋರಿಗೆ ಹೇಳ್ಬೇಕಾಗಿತ್ರಿ."

ಜರಾ ಹುಡುಗಿಯ ತಾಯಿ. ಉಳಿದ ಮಕ್ಕಳೂ ಹೋಗುತ್ತಿದ್ದಾರಾ ಎಂದು ಕೇಳಿದೆ. ಒಂದು ಕುಟುಂಬ ಮತ್ತೆ ದುಡಿಯಲು ಎಲ್ಲಿಗೋ ಹೋಗಿದೆಯಂತೆ, ಬಾಕಿಯವರೆಲ್ಲ ಹೋಗುತ್ತಿದ್ದಾರಂತೆ. ನಾನು ಕುಣಿಗಲ್ ಮಿಸ್ಸಿನ ನಂಬರು ಕೊಟ್ಟೆ.

ಅತಿಥಿ ಶಿಕ್ಷಕಿ ಶಾಲೆಗೆ ಹೊಂದಿಕೊಂಡ ಮೇಲೆ ನಾನು ಒಂದು ದಿನ ರಜೆ ಹಾಕಿ ಕುಣಿಗಲ್ ಬಸ್ಸು ಹತ್ತಿದೆ. ಯಡಿಯೂರಿನ ಹತ್ತಿರದ ಆಕೆಯ ಹೊಸ ಶಾಲೆಯನ್ನು ನೋಡುವ ಆಸೆ. ಅಲ್ಲಿನ ಪರಿಸ್ಥಿತಿ ಬೇರೆ. ಯಡಿಯೂರಿನ ದೇವಸ್ಥಾನಕ್ಕೆ ಬರುವ ಭಕ್ತರು ದಾರಿಯಲ್ಲಿ ಶಾಲೆ ಕಂಡರೆ ಏನಾದರೂ ಕೊಟ್ಟು ಹೋಗುತ್ತಾರೆ. ತಟ್ಟೆ, ಲೋಟ, ನೀರಿನ ಫಿಲ್ಟರು, ಎಲ್ಲದರ ಮೇಲೂ ದಾನಿಗಳ ಹೆಸರು. ಗೋಡೆಗಳ ಮೇಲಂತೂ ಗಡಿಯಾರಗಳ ಸಾಲು, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿತ್ತು. ವಸ್ತುಗಳಿಗೆ ಕೊರತೆಯಿಲ್ಲದ ಆ ಶಾಲೆಯಲ್ಲಿ ಆಕೆ ಬರುವ ಮುಂಚೆ ಒಬ್ಬ ಖಾಯಂ ಟೀಚರೂ ಇರಲಿಲ್ಲ. ಈಗಲೂ ಆಕೆ ಒಬ್ಬರೇ.

ಜಗುಲಿಯಲ್ಲಿ ಬಿಳಿ ಷರ್ಟಿನ, ಹಣೆಗೆ ವಿಭೂತಿ ಹಚ್ಚಿದ ಹಿರಿಯರೊಬ್ಬರು ಐದನೇ ಕ್ಲಾಸಿನವರಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದರು. ಒಂದು ಹೋಳಿಗೆಯನ್ನು ಎಂಟು ಜನರಿಗೆ ಹಂಚುವ ಲೆಕ್ಕ. ಮಕ್ಕಳು ಹೋಳಿಗೆಯ ವಿಷಯದಲ್ಲಿ ಬಹಳ ಆಸಕ್ತಿಯಿಂದ ವಾದ ಮಾಡುತ್ತಿದ್ದರು.

"ಇವ್ರು ಯಾರು?" ಎಂದೆ.

"ರಿಟೈರ್ಡ್ ಬ್ಯಾಂಕಿನೋರು. ಗಡಿಯಾರ ಕೊಡಕ್ಕೆ ಬಂದಿದ್ರು," ಎಂದರು ಆಕೆ. "ಸ್ವಾಮಿ, ಗಡಿಯಾರ ಸಾಕಾಗಿದೆ, ನಿಮ್ಗೆ ಲೆಕ್ಕ ಬರುತ್ತಲ್ಲ, ನೀವೇ ಬನ್ನಿ ಅಂದೆ. ಬೇಜಾರ್ ಮಾಡ್ಕೊಂಡು ಹೋದ್ರು. ಇನ್ನು ಬರಲ್ಲ ಅನ್ಕೊಂಡೆ. ಮುಂದಿನ ಸೋಮವಾರ ಬೆಲ್ ಹೊಡಿಯೋಕ್ ಮುಂಚೆ ಗೇಟಲ್ಲಿ ನಿಂತಿದ್ರು. ಈಗ ವಾರಕ್ಕೆ ಮೂರು ದಿನ ಬರ್ತಾರೆ. ಅವ್ರ ಸ್ನೇಹಿತರೊಬ್ರೂ ಬರ್ತೀನಿ ಅಂದಿದಾರೆ."

ಹಿರಿಯರು ನಮ್ಮ ಕಡೆ ತಿರುಗಿ, "ನಲವತ್ತು ವರ್ಷ ಲೆಕ್ಕ ಮಾಡ್ದೆ ಅಮ್ಮ, ಯಾರೂ ಇಷ್ಟು ಪ್ರಶ್ನೆ ಕೇಳಿರ್ಲಿಲ್ಲ," ಎಂದು ಮತ್ತೆ ಹೋಳಿಗೆಗೆ ಮರಳಿದರು.

ಜಿಲ್ಲೆಯೊಂದರಲ್ಲೇ ಮೂರು ತರದ ಶಾಲೆಗಳನ್ನು ನಾನು ನೋಡಿದ್ದೇನೆ. ಒಂದು ಕಡೆ ಟೀಚರು ಹೆಚ್ಚು, ಇನ್ನೊಂದು ಕಡೆ ಮಕ್ಕಳು ಹೆಚ್ಚು, ಮತ್ತೊಂದು ಕಡೆ ಗಡಿಯಾರ ಹೆಚ್ಚು. ಇದನ್ನು ಸರಿತೂಗಿಸುವುದು ದೊಡ್ಡವರ ಕೆಲಸ, ಅದು ಆಗಲೇಬೇಕು. ಅಲ್ಲಿಯವರೆಗೆ ಶಾಲೆ ನಿಲ್ಲದ ಹಾಗೆ ನೋಡಿಕೊಂಡವರನ್ನು ನಾನು ಹತ್ತಿರದಿಂದ ನೋಡಿದೆ. ಪಟ್ಟಿಯಲ್ಲಿ ನನ್ನ ಹೆಸರು ಬರದೇ ಹೋಗಿದ್ದರೆ ಈ ಹೆಂಗಸಿನ ಪರಿಚಯವೇ ನನಗೆ ಆಗುತ್ತಿರಲಿಲ್ಲ.

ಆಕೆ ನನಗೆ ಒಂದು ಲೋಟ ಮಜ್ಜಿಗೆ ತರಿಸಿಕೊಟ್ಟರು. ಅದನ್ನು ಕುಡಿದು ಮುಗಿಸುವಷ್ಟರಲ್ಲಿ ಎರಡನೇ ಕ್ಲಾಸಿನವರು ಸುತ್ತ ಬಂದು ನಿಂತಿದ್ದರು.

"ಮೇಡಂ, ರಜಾ ಹಾಕ್ಬಂದಿದೀನಿ ಅಂತ ಸುಮ್ನೆ ಕೂತ್ಕೋಬೇಡಿ," ಎಂದರು ಆಕೆ. "ಇವ್ರಿಗೆ ಒಂದು ಕತೆ ಹೇಳಿ. ನಾನು ಅಷ್ಟರಲ್ಲಿ ನಾಲ್ಕನೇ ಕ್ಲಾಸ್ ಮುಗಿಸ್ತೀನಿ."

ನಾನು ಸೆರಗು ಸಿಕ್ಕಿಸಿಕೊಂಡು ಚಾಪೆಯ ಮೇಲೆ ಕೂತೆ. ಮಕ್ಕಳು ಒತ್ತಾಗಿ ಹತ್ತಿರ ಸರಿದರು. ಯಾವ ಕತೆ ಬೇಕು ಎಂದು ಕೇಳಿದೆ.